ಸೋತವನಿಗೂ ಒಂಬತ್ತು

ಮೇ 21, ಬುಧವಾರ

ಸಣ್ಣನಿಗೆ ಅತ್ತಿಗೆಯ ಆಶೀರ್ವಾದಗಳು.

ಸಂಜೆ ಆರೂವರೆ. ಇವತ್ತು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ನಲವತ್ತೊಂದು ದಿಂಬಿನ ಚೀಲ ಹೊಲಿದೆ. ಹರಿದ ಹದಿನೇಳು ಹಾಸಿಗೆ ಬಟ್ಟೆಗೆ ತೇಪೆ ಹಾಕಿದೆ. ಕೆಲಸಕ್ಕೆ ವಾಪಸು ಹೋಗಿ ಇದು ಮೂರನೇ ದಿನ. ಮೊದಲ ದಿನ ಎಲ್ಲರೂ ನನ್ನ ಎದುರು ಪಿಸುಮಾತಿನಲ್ಲೇ ಮಾತಾಡಿದರು. ಇವತ್ತು ಮೇಲ್ವಿಚಾರಕಿ ಮೊದಲಿನ ಹಾಗೆ ಬೈದಳು. "ಏನ್ರೀ ಇದು ತೇಪೆ, ನೋಡಿದ್ರೆ ರೋಗಿ ಎದ್ದು ಓಡಿಹೋಗ್ತಾನೆ" ಅಂದಳು. ಬೈಸಿಕೊಂಡ ಮೇಲೆ ಮನಸ್ಸು ಸ್ವಲ್ಪ ಹಗುರವಾಯಿತು.

ಮನೆಗೆ ಬಂದು ಟಿ.ವಿ. ಕೆಳಗಿನ ಗೂಡು ಒರೆಸಿದೆ. ಹಿಂದುಗಡೆ ಬಿಸ್ಕತ್ತಿನ ಡಬ್ಬಿ ಇತ್ತು. ತೆಗೆದರೆ ಬರೀ ಚೀಟಿ. ನಿಮ್ಮಣ್ಣ ಲಾರಿ ತೂಕ ಹಾಕುವ ಆಫೀಸಿನಿಂದ ತರುತ್ತಿದ್ದ ಹಾಳಾದ ಚೀಟಿಗಳು. ಒಂದು ಮುಖದಲ್ಲಿ ಲಾರಿ ನಂಬರು, ಖಾಲಿ ತೂಕ, ಭರ್ತಿ ತೂಕ. ಇನ್ನೊಂದು ಮುಖದಲ್ಲಿ ಒಂದರಿಂದ ಹನ್ನೆರಡರವರೆಗೆ ರೌಂಡು, ಪಕ್ಕದಲ್ಲಿ ಎರಡು ಸಾಲು ಅಂಕ. ಪ್ರತಿ ಬಾಕ್ಸಿಂಗ್ ಪಂದ್ಯಕ್ಕೆ ಅವರದೊಂದು ಚೀಟಿ, ನಿನ್ನದೊಂದು. ಎರಡನ್ನೂ ಸೇರಿಸಿ ನನ್ನ ಹೊಲಿಗೆ ದಾರದಲ್ಲಿ ಕಟ್ಟಿದ್ದಾರೆ. ನೀನು ಕಾಗದದ ಕಾರ್ಖಾನೆಗೆ ಸೇರಿ ದೂರ ಹೋದಾಗಿನಿಂದ ಹದಿನಾರು ವರ್ಷದ್ದು. ನನ್ನ ದಾರದ ಉಂಡೆಗಳು ಯಾಕೆ ಅಷ್ಟು ಬೇಗ ಮುಗಿಯುತ್ತಿದ್ದವು ಅಂತ ಈಗ ಗೊತ್ತಾಯಿತು.

ಇವನ್ನು ನಿನಗೆ ಕಳಿಸಲೇ, ಇಲ್ಲೇ ಇಟ್ಟುಕೊಳ್ಳಲೇ?

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ದನಿ ನಿಮ್ಮಣ್ಣನ ದನಿಯ ಹಾಗೇ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಬಂದಾಗ ಎಲ್ಲ ಮುಗಿದುಹೋಗಿತ್ತು. ಎರಡು ದಿನ ಇದ್ದೆ, ಇಬ್ಬರೂ ನಾಲ್ಕು ಮಾತು ಆಡಲಿಲ್ಲ.

ನಾನು ಈ ಮನೆಗೆ ಬಂದ ಎರಡನೇ ಭಾನುವಾರ ನೆನಪಾಯಿತು. ಒಳಗೆ ಒಲೆ ಮುಂದೆ ಇದ್ದೆ. ಹಾಲ್‌ನಲ್ಲಿ ನಿಮ್ಮಣ್ಣ "ಹೊಟ್ಟೆಗೆ ಹೊಡಿ! ಹೊಟ್ಟೆಗೆ ಹೊಡಿಯೋ!" ಅಂತ ಕಿರುಚಿದರು. ಅಣ್ಣ ತಮ್ಮ ಹೊಡೆದಾಡುತ್ತಿದ್ದಾರೆ ಅಂದುಕೊಂಡು ಸೌಟು ಹಿಡಿದು ಓಡಿ ಬಂದರೆ, ಇಬ್ಬರೂ ಮೊಣಕಾಲಿಗೆ ಗಲ್ಲ ಇಟ್ಟುಕೊಂಡು ಸದ್ದಿಲ್ಲದ ಟಿ.ವಿ. ನೋಡುತ್ತಾ ಕೂತಿದ್ದಿರಿ. ನೀನು ನನ್ನ ಸೌಟು ನೋಡಿ, "ಅಣ್ಣಾ, ಅತ್ತಿಗೆ ರೆಫ್ರಿಯಾಗಿ ಬಂದ್ರು" ಅಂದೆ. ಆಮೇಲೆ ಎಷ್ಟೋ ವರ್ಷ ನನ್ನನ್ನು ರೆಫ್ರಿ ಅಂತಲೇ ಕರೆದಿರಿ.

ಆ ದಿನ ಅವರು ನೆಮ್ಮದಿಯಾಗಿ ಹೋದರು. ಪಂದ್ಯ ನೋಡುತ್ತಲೇ. ಅಷ್ಟು ತಿಳಿದಿರಲಿ.

ಟಿ.ವಿ. ಮೇಲೆ ಒಂದು ಹಳೇ ಹಾಸಿಗೆ ಬಟ್ಟೆ ಹೊದಿಸಿದ್ದೇನೆ. ನಾಳೆ ನನಗೆ ಬೆಳಗಿನ ಪಾಳಿ.

ನಿನ್ನ ಅತ್ತಿಗೆ

* * *

ಜೂನ್ 2, ಸೋಮವಾರ

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ಬಾಯ್ಲರ್ ಪಕ್ಕ ಕೂತು ಓದುವಾಗ ನಮ್ಮ ಮೀಸೆ ಮೇಸ್ತ್ರಿ ಬಂದು, "ಯಾರದಯ್ಯಾ ಲವ್ ಲೆಟರು?" ಅಂದ. "ರೆಫ್ರಿದು" ಅಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಹೋಗುವಾಗ ನನ್ನ ಬದಲು ತಾನೇ ಹಬೆ ಒತ್ತಡದ ಮುಳ್ಳು ನೋಡಿ ಬರೆದುಕೊಂಡು ಹೋದ.

ನಾವು ಸದ್ದು ನಿಲ್ಲಿಸಿ ಯಾಕೆ ನೋಡುತ್ತಿದ್ದೆವು ಅಂತ ಅಣ್ಣ ನಿಮಗೆ ಹೇಳಿದ್ದಾನೋ ಇಲ್ಲವೋ. ನನಗೆ ಆರು ವರ್ಷ, ಅವನಿಗೆ ಹನ್ನೊಂದು. ನಮ್ಮ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿಯವನು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯುತ್ತಿರಲಿಲ್ಲ. ಒಳಗೆ ತಾನೊಬ್ಬನೇ ಕೂತು ಟಿ.ವಿ.ಯಲ್ಲಿ ಬಾಕ್ಸಿಂಗ್ ನೋಡುತ್ತಿದ್ದ. ನಮಗೆ ಗಾಜಿನ ಕಿಟಕಿ. ಸದ್ದು ಆಚೆ ಬರುತ್ತಿರಲಿಲ್ಲ. ಕಿಟಕಿಯೂ ಎತ್ತರ. ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ನನಗೆ ಕಾಣುತ್ತಿತ್ತು, ಅವನಿಗೆ ಗೋಡೆ. "ಎಡಗೈ ಕೊಟ್ಟ. ಬಲಗೈ ತಪ್ಪಿತು. ಹಗ್ಗಕ್ಕೆ ಒರಗಿದ" ಅಂತ ನಾನು ಮೇಲಿನಿಂದ ಹೇಳಬೇಕು, ಅವನು ಇದ್ದಿಲಿನಿಂದ ಗೋಡೆ ಮೇಲೆ ಅಂಕ ಬರೆಯಬೇಕು. ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು, ನೆಲಕ್ಕೆ ಬಿದ್ದರೆ ಎಂಟು.

ಒಂದು ಸಲ ನನಗೆ ಇಷ್ಟವಾದವನು ಹಿಗ್ಗಾಮುಗ್ಗಾ ಏಟು ತಿನ್ನುತ್ತಿದ್ದ. ನಾನು ಮೇಲಿನಿಂದ ಅವನೇ ಹೊಡೀತಿದ್ದಾನೆ ಅಂತ ಸುಳ್ಳು ಹೇಳಿದೆ. ಮಾರನೇ ದಿನ ಯಾರೋ ಅಣ್ಣನಿಗೆ ನಿಜ ಹೇಳಿದರು. ಅವನು ಹೊಡೆಯಲಿಲ್ಲ. "ನೋಡಿದ್ದನ್ನ ನೋಡಿದ ಹಾಗೆ ಹೇಳು ಸಣ್ಣ. ನನಗೆ ಕಾಣಲ್ಲ, ನಿನ್ನನ್ನ ನಂಬಿ ಬರೀತಾ ಇದ್ದೀನಿ" ಅಂದ, ಅಷ್ಟೆ. ಒದೆ ತಿಂದಿದ್ದರೆ ಮರೆತಿರುತ್ತಿದ್ದೆ.

ಸ್ವಂತ ಟಿ.ವಿ. ಬಂದ ಮೇಲೂ ಸದ್ದು ಹಾಕಲಿಲ್ಲ. ಮಾತಾಡುವವರು ನಮ್ಮ ಕಣ್ಣು ಕೆಡಿಸುತ್ತಾರೆ ಅನ್ನುತ್ತಿದ್ದ. ನಾನು ದೂರ ಬಂದ ಮೇಲೆ ಹೊಸ ಕಾನೂನು ಮಾಡಿದ. ಪಂದ್ಯದ ದಿನ ಫೋನ್ ಇಲ್ಲ, ಮಾರನೇ ದಿನ ಚೀಟಿ ಅಂಚೆಗೆ, ಇನ್ನೊಬ್ಬನ ಚೀಟಿ ಕೈಗೆ ಬರುವವರೆಗೂ ಆ ಪಂದ್ಯದ ಸುದ್ದಿ ಎತ್ತುವಂತಿಲ್ಲ.

ಈಗ ಕೇಳಬೇಕಾದದ್ದು ಕೇಳುತ್ತೇನೆ. ಆ ದಿನ ಇದ್ದದ್ದು ಎಡಚನ ಕೊನೇ ಪಂದ್ಯ. ನಾವಿಬ್ಬರೂ ಹದಿಮೂರು ವರ್ಷದಿಂದ ಹಿಂಬಾಲಿಸಿದ ಎಡಗೈಯವನು. ಅವನಿಗೆ ವಯಸ್ಸಾಗಿತ್ತು, ಎದುರಿಗಿದ್ದ ನೀಲಿ ಚಡ್ಡಿಯವನಿಗೆ ಇಪ್ಪತ್ತೈದು. ಪಂದ್ಯದ ಹಿಂದಿನ ವಾರ ನಾನು ಅಣ್ಣನಿಗೆ ಒಂದು ಕಾಗದ ಹಾಕಿದ್ದೆ. ಸಿಟ್ಟಿನಲ್ಲಿ ಬರೆದದ್ದು. "ನಿನ್ನ ಎಡಚ ಅಂಗಾತ ಬೀಳ್ತಾನೆ. ನಿನಗೆ ಅಭಿಮಾನದಲ್ಲಿ ಕಣ್ಣು ಕಾಣಲ್ಲ" ಅಂತ. ಅವನು ಒಂದೇ ಸಾಲು ಬರೆದ, "ಅವನು ಬೀಳಲ್ಲ. ಭಾನುವಾರ ನೋಡು." ಅದೇ ಅವನ ಕೊನೇ ಕಾಗದ.

ಅತ್ತಿಗೆ, ಅಣ್ಣ ಆ ಪಂದ್ಯ ಕೊನೆಯವರೆಗೂ ನೋಡಿದನೇ? ಚೀಟಿ ಪೂರ್ತಿ ಇದೆಯೇ? ಇದ್ದರೆ ಅದೊಂದು ಕಳಿಸಿ. ನನ್ನ ಚೀಟಿ ಅಂಚೆಯಲ್ಲಿ ಕಳೆದುಹೋಗಿರಬೇಕು.

ಡಬ್ಬಿ ಅಲ್ಲೇ ಇರಲಿ. ನಾಳೆ ಬಾಯ್ಲರ್ ಶುಚಿ ಮಾಡುವ ದಿನ.

ಸಣ್ಣ

* * *

ಜೂನ್ 11, ಬುಧವಾರ

ಸಣ್ಣನಿಗೆ ಆಶೀರ್ವಾದಗಳು.

ಮಧ್ಯಾಹ್ನ ಮೂರು ಗಂಟೆ. ಇವತ್ತು ರಜೆ ಹಾಕಿದ್ದೆ, ತಲೆನೋವು ಅಂತ ಹೇಳಿ.

ಚೀಟಿ ಇದರ ಜೊತೆ ಇದೆ. ಪೂರ್ತಿ ಇದೆ. ಕೊನೆಯವರೆಗೂ ನೋಡಿದರು. ಕೊನೆಗೆ ಅಂಕ ಕೂಡಿದರು, ಪೆನ್ಸಿಲ್ ಕೆಳಗಿಟ್ಟರು, ಕುರ್ಚಿಗೆ ಒರಗಿದರು. ಆಮೇಲೇ ಆದದ್ದು. ನೂರಾ ಹದಿನೈದು, ನೂರಾ ಹದಿಮೂರು. ನೀನೂ ಒಮ್ಮೆ ಕೂಡಿ ನೋಡು.

ಮಹಡಿ ಮನೆ ಟೀಚರಮ್ಮ ದಿನಾ ಬಂದು ಹೋಗುತ್ತಾರೆ. "ನಿಮ್ಮನೇಲಿ ಭಾನುವಾರದ ಹೊಡೆದಾಟ ಇಲ್ದೆ ನಂಗೆ ನಿದ್ದೆ ಜಾಸ್ತಿ ಆಗಿದೆ" ಅಂದರು. ಹೇಳಿದ ಮೇಲೆ ಅವರೇ ಅತ್ತರು.

ಊಟ ಹೊತ್ತಿಗೆ ಮಾಡು. ನಾಳೆಯಿಂದ ನಾನು ಮತ್ತೆ ಕೆಲಸಕ್ಕೆ.

ಅತ್ತಿಗೆ

* * *

ಜೂನ್ 23, ಸೋಮವಾರ

ಅತ್ತಿಗೆಗೆ ನಮಸ್ಕಾರ.

ಚೀಟಿ ಬಂತು. ಲೆಕ್ಕ ಸರಿಯಿದೆ.

ಒಂದು ಮಾತು ಕೇಳಬೇಕು, ತಪ್ಪು ತಿಳಿಯಬೇಡಿ. ಕೊನೇ ದಿನಗಳಲ್ಲಿ ಅಣ್ಣನ ತಲೆ ಸರಿಯಿತ್ತೇ? ಮರೆವು, ಇಲ್ಲದ್ದನ್ನು ಇದೆ ಅನ್ನುವುದು, ಅಂಥದ್ದೇನಾದರೂ? ನನಗೆ ಯಾರೂ ಹೇಳಲಿಲ್ಲವಲ್ಲ ಅಂತ ಕೇಳುತ್ತಿದ್ದೇನೆ.

ಇಲ್ಲಿ ಕೆಲಸ ಜಾಸ್ತಿ. ನಾಳೆ ಎರಡು ಪಾಳಿ.

ಸಣ್ಣ

* * *

ಜುಲೈ 2, ಬುಧವಾರ

ಸಣ್ಣನಿಗೆ.

ರಾತ್ರಿ ಊಟದ ಪಾತ್ರೆ ತೊಳೆದು ಬರೆಯುತ್ತಿದ್ದೇನೆ, ಎಂಟು ಗಂಟೆ. ಇವತ್ತು ಮಕ್ಕಳ ವಾರ್ಡಿನ ಪರದೆಗೆ ಅಂಚು ಕಟ್ಟಿದೆ. ಸೂಜಿ ಮೂರು ಸಲ ಬೆರಳಿಗೆ ಚುಚ್ಚಿತು. ನಿನ್ನ ಕಾಗದ ಸೆರಗಿನಲ್ಲೇ ಇತ್ತು.

ನಿಮ್ಮಣ್ಣನ ತಲೆ ಸರಿಯಿತ್ತು. ಶನಿವಾರ ಅರವತ್ತೆರಡು ಲಾರಿ ತೂಕ ಹಾಕಿದ್ದಾರೆ, ಒಂದರಲ್ಲೂ ಒಂದು ಕೆ.ಜಿ. ಹೆಚ್ಚು ಕಡಿಮೆ ಇಲ್ಲ. ಬೇಕಾದರೆ ಆಫೀಸಿಗೆ ಬರೆದು ಕೇಳು. ನನ್ನ ಚಪ್ಪಲಿ ಯಾವ ತಿಂಗಳು ತಂದದ್ದು ಅನ್ನುವುದು ನನಗೆ ನೆನಪಿರಲಿಲ್ಲ, ಅವರಿಗೆ ಇತ್ತು.

ನಿನ್ನ ಮಾತಿಗೆ ಒಪ್ಪಲಿಲ್ಲ ಅಂತ ಅವರನ್ನು ಬದುಕಿದ್ದಾಗ ಕುರುಡ ಅಂದೆ. ಈಗ ಇಲ್ಲದ ಮೇಲೆ ತಲೆ ಕೆಟ್ಟಿತ್ತಾ ಅಂತ ಕೇಳುತ್ತೀಯ. ವರ್ಷಕ್ಕೊಂದು ಸಲ ಬಂದು ಮುಖ ನೋಡಿದ್ದರೆ ಕೇಳುವ ಅಗತ್ಯ ಬೀಳುತ್ತಿರಲಿಲ್ಲ.

ಇಷ್ಟು ಬರೆಯಬಾರದಿತ್ತು. ಹರಿದು ಹಾಕೋಣ ಅಂದುಕೊಂಡೆ. ಆದರೂ ಕಳಿಸುತ್ತಿದ್ದೇನೆ.

ಅತ್ತಿಗೆ

* * *

ಜುಲೈ 28, ಸೋಮವಾರ

ಅತ್ತಿಗೆಗೆ ನಮಸ್ಕಾರಗಳು.

ನೀವು ಬೈದದ್ದು ಸರಿಯಾಗಿದೆ. ಇನ್ನೂ ನಾಲ್ಕು ಬೈಯಬಹುದಿತ್ತು. ಉತ್ತರ ಬರೆಯಲು ಇಪ್ಪತ್ತು ದಿನ ಬೇಕಾಯಿತು. ಬರೆದೆ, ಬಾಯ್ಲರಿಗೆ ಹಾಕಿದೆ, ಮತ್ತೆ ಬರೆದೆ. ಈ ತಿಂಗಳು ಕಾರ್ಖಾನೆಯ ಹಬೆಯಲ್ಲಿ ಸ್ವಲ್ಪ ನಿಮ್ಮ ಮೈದುನನ ಕಾಗದವೂ ಇದೆ.

ಅತ್ತಿಗೆ, ಆ ಪಂದ್ಯ ಒಂಬತ್ತನೇ ರೌಂಡಿಗೆ ಮುಗಿಯಿತು. ಹತ್ತು, ಹನ್ನೊಂದು, ಹನ್ನೆರಡು ನಡೆಯಲೇ ಇಲ್ಲ. ಚೀಟಿಯಲ್ಲಿ ಹನ್ನೆರಡಕ್ಕೂ ಅಂಕ ಇದೆ.

ಮೊದಲು ನನಗೆ ಹೊಳೆದದ್ದು, ಅಣ್ಣ ನಡೆಯದೇ ಇದ್ದ ರೌಂಡನ್ನು ಕಂಡಿದ್ದಾನೆ, ತಲೆಗೇನೋ ಆಗಿತ್ತು ಅಂತ. ಅದಕ್ಕೇ ಹಾಗೆ ಕೇಳಿದೆ. ನೀವು ಬೈದ ಮೇಲೆ ಚೀಟಿ ಮತ್ತೆ ತೆಗೆದು ಬೆಳಕಿಗೆ ಹಿಡಿದೆ. ಅಣ್ಣನ ಒಂಬತ್ತಕ್ಕೆ ಬಾಲ ನೆಟ್ಟಗೆ ಇಳಿಯುತ್ತದೆ, ಕೊನೆಯಲ್ಲಿ ಕೊಕ್ಕೆ ಇಲ್ಲ. ಆರರವರೆಗೆ ಹಾಗೇ ಇದೆ. ಏಳನೇ ರೌಂಡಿನಲ್ಲಿ ಎಡಚನಿಗೆ ಕೊಟ್ಟ ಹತ್ತು ಅಣ್ಣನ ಕೈಬರಹ. ಪಕ್ಕದ ಒಂಬತ್ತಿಗೆ ಕೊಕ್ಕೆ ಇದೆ. ಅಲ್ಲಿಂದ ಕೆಳಗೆ ಎಲ್ಲಕ್ಕೂ ಕೊಕ್ಕೆ ಇದೆ. ನಿಮ್ಮ ಕಾಗದದ ಮೇಲಿನ ತಾರೀಖಿನಲ್ಲೂ ಅದೇ ಕೊಕ್ಕೆ.

ನಾನು ಸಿಟ್ಟಾಗಿಲ್ಲ. ಸಿಟ್ಟಾಗುವ ಯೋಗ್ಯತೆ ನನಗಿಲ್ಲ. ನಾನೂ ಸುಳ್ಳು ಬರೆದಿದ್ದೆ. ನನ್ನ ಚೀಟಿ ಅಂಚೆಯಲ್ಲಿ ಕಳೆಯಲಿಲ್ಲ. ನಾನು ಕಳಿಸಲೇ ಇಲ್ಲ. ಐದನೇ ರೌಂಡಿನಲ್ಲಿ ನೀಲಿ ಚಡ್ಡಿಯವನು ಎಡಚನನ್ನು ಮೂಲೆಗೆ ಒತ್ತಿ ಹೊಡೆಯುತ್ತಿದ್ದ. ನನಗೆ ನೋಡಲು ಆಗಲಿಲ್ಲ. ಟಿ.ವಿ. ಆರಿಸಿ ಸ್ನಾನಕ್ಕೆ ಹೋದೆ. ಬಿಸಿ ನೀರಿತ್ತು, ತಣ್ಣೀರಲ್ಲೇ ಮಾಡಿದೆ. ಮಾರನೇ ದಿನ ಪೇಪರಿನಲ್ಲಿ ಒಂದೇ ಸಾಲು ಇತ್ತು, ಎಡಚನಿಗೆ ಒಂಬತ್ತನೇ ರೌಂಡಿನಲ್ಲಿ ಸೋಲು ಅಂತ. ಅದನ್ನು ಓದಿ ಮಡಿಸಿಡುವ ಹೊತ್ತಿಗೇ ಅಣ್ಣನ ಸುದ್ದಿ ಬಂತು. ಭಾನುವಾರದಿಂದ ನನಗೆ ಹೇಳಲು ಹುಡುಕುತ್ತಿದ್ದರಂತೆ.

ಒಂಬತ್ತರಲ್ಲಿ ಸೋಲು ಅಂದರೆ ಬಿದ್ದಿದ್ದಾನೆ. ನಾನು ಬರೆದ ಹಾಗೇ ಅಂಗಾತ. ನನ್ನ ಮಾತು ನಿಜವಾಯಿತಲ್ಲ ಅನ್ನುವುದೇ ನನ್ನನ್ನು ಬಿಡುತ್ತಿಲ್ಲ. ಅಣ್ಣ ಅದನ್ನು ನೋಡಿಯೇ ಹೋದನೇ, ನೋಡದೆ ಹೋದನೇ, ಅದು ತಿಳಿಯಬೇಕಿತ್ತು. ನನ್ನ ಆ ಕಾಗದ ಓದಿ ನೊಂದುಕೊಂಡಿದ್ದನೇ, ಅದೂ.

ಆಗಸ್ಟ್ 17, ಭಾನುವಾರ ಬೆಳಿಗ್ಗೆ ಎಂಟೂವರೆಗೆ ಆ ಪಂದ್ಯವನ್ನು ಮತ್ತೆ ತೋರಿಸುತ್ತಾರಂತೆ. ನನಗೆ ಆ ದಿನ ಪಾಳಿ ಇದೆ, ಬೆಂಕಿ ಬಿಟ್ಟು ಏಳುವ ಹಾಗಿಲ್ಲ. ಬಿಡುವಿದ್ದಿದ್ದರೂ ಧೈರ್ಯ ಬರುತ್ತಿತ್ತೋ ಇಲ್ಲವೋ. ನೀವು ನೋಡಿ ಅಂತ ಹೇಳುವ ಹಕ್ಕು ನನಗಿಲ್ಲ. ಆದರೂ ಹೇಳುತ್ತಿದ್ದೇನೆ.

ಸಣ್ಣ

* * *

ಆಗಸ್ಟ್ 8, ಶುಕ್ರವಾರ

ಸಣ್ಣನಿಗೆ ಆಶೀರ್ವಾದಗಳು.

ಬೆಳಿಗ್ಗೆ ಆರು ಗಂಟೆ. ನಿನ್ನೆ ಬಟ್ಟೆ ಕೋಣೆಯಲ್ಲಿ ಹೊಲಿಗೆ ಯಂತ್ರ ಕೆಟ್ಟಿತು, ಇಡೀ ದಿನ ಕೈಯಲ್ಲೇ ಹೊಲಿದೆವು. ಕೈ ನೋಯುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಕೊಕ್ಕೆ ಹುಡುಕಬೇಡ.

ನಿನ್ನ ಕಾಗದ ಓದಿ ಮೊದಲು ನಾಚಿಕೆಯಾಯಿತು. ಆಮೇಲೆ ಹೆಗಲಿನಿಂದ ಏನೋ ಇಳಿಸಿದ ಹಾಗಾಯಿತು. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಿನಗೆ ನೆನಪಿರಬೇಕು, ಪ್ರತಿ ರೌಂಡು ಮುಗಿದಾಗ ನಿಮ್ಮಣ್ಣ ಅಡುಗೆಮನೆಗೆ ಕೇಳುವ ಹಾಗೆ ಅಂಕ ಕೂಗುತ್ತಿದ್ದರು. "ಹತ್ತು-ಒಂಬತ್ತು!" ನಾನು ಒಳಗಿನಿಂದ "ಆಯ್ತು" ಅನ್ನಬೇಕು. ಅನ್ನದಿದ್ದರೆ ಮತ್ತೆ ಕೂಗುತ್ತಿದ್ದರು. ಯಾರಿಗೆ ಹತ್ತು, ಯಾರಿಗೆ ಒಂಬತ್ತು ಅಂತ ನಾನು ಯಾವತ್ತೂ ಕೇಳಲಿಲ್ಲ. ಒಂದೇ ಒಂದು ಸಲ, "ಸೋತವನಿಗೂ ಒಂಬತ್ತು ಕೊಡ್ತೀರಲ್ಲ, ಒಳ್ಳೆ ಧಾರಾಳ" ಅಂದಿದ್ದೆ. "ಗಂಟೆ ಹೊಡೆಯೋವರೆಗೂ ನಿಂತಿದ್ನಲ್ಲೇ, ಅದಕ್ಕೆ" ಅಂದರು.

ಆ ದಿನ ಆರು ಸಲ ಕೂಗಿದರು. ಆರು ಸಲ ಆಯ್ತು ಅಂದೆ. ಏಳನೆಯದು ಬರಲಿಲ್ಲ. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಈ ರೌಂಡು ಯಾಕೋ ಉದ್ದ ಆಯಿತಲ್ಲ ಅಂದುಕೊಂಡೆ. ಅಷ್ಟೇ ಅಂದುಕೊಂಡು ಉಳಿದ ಕಾಯನ್ನೂ ಹೆಚ್ಚಿದೆ. ಪೂರ್ತಿ ಹೆಚ್ಚಿ, ತೊಟ್ಟು ಎತ್ತಿಹಾಕಿ, ಕೈ ತೊಳೆದು ಬಂದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಜೀವ ಹೋಗಲು ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ, ಆಗಲೇ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಆದರೂ ಆ ಕಾಯಿಗಳು ನನ್ನ ಕಣ್ಣ ಮುಂದೆಯೇ ಇವೆ.

ಕುರ್ಚಿಯಲ್ಲಿ ಕೂತೇ ಇದ್ದರು. ಬಿದ್ದಿರಲಿಲ್ಲ. ಪೆನ್ಸಿಲ್ ಕೈಯಲ್ಲೇ ಇತ್ತು. ತೊಡೆಯ ಮೇಲಿನ ಚೀಟಿಯಲ್ಲಿ ಏಳನೆಯದಕ್ಕೆ ಹತ್ತು ಬರೆದಿತ್ತು, ಪಕ್ಕ ಖಾಲಿ. ನಾನು ಅವರ ಕೈ ಹಿಡಿದುಕೊಂಡೆ. ಟಿ.ವಿ.ಯಲ್ಲಿ ಅವರಿಬ್ಬರೂ ಹೊಡೆದಾಡುತ್ತಲೇ ಇದ್ದರು. ಟೀಚರಮ್ಮ ಬಂದು ಆರಿಸಿದರು. ಹಾಗಾಗಿ ಯಾರು ಗೆದ್ದರು, ಯಾರು ಸೋತರು ನನಗೂ ಗೊತ್ತಿರಲಿಲ್ಲ, ನಿನ್ನ ಕಾಗದ ಬರುವವರೆಗೂ.

ಪೂರ್ತಿ ಇದೆಯೇ ಅಂತ ನೀನು ಕೇಳಿದಾಗ ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಹಳೇ ಚೀಟಿ ಮುಂದಿಟ್ಟುಕೊಂಡು ಅವರದೇ ಪೆನ್ಸಿಲ್‌ನಲ್ಲಿ ತುಂಬಿಸಿದೆ. ಹರಿದ ಬಟ್ಟೆಗೆ ತೇಪೆ ಹಾಕುವುದೊಂದೇ ನನಗೆ ಬರುವ ಕೆಲಸ. ಒಬ್ಬ ಬಿದ್ದರೆ ಪಂದ್ಯ ನಡುವೆಯೇ ನಿಲ್ಲುತ್ತದೆ ಅಂತ ನನಗೂ ಗೊತ್ತು. ಇಷ್ಟು ವರ್ಷ ಈ ಮನೆಯಲ್ಲೇ ಇದ್ದವಳು. ಆದರೆ ಎಡಚ ಬೀಳಲ್ಲ ಅಂತ ನಿಮ್ಮಣ್ಣ ಹೇಳಿದ್ದರಲ್ಲ. ಅದನ್ನು ನಂಬಿಯೇ ಹನ್ನೆರಡೂ ತುಂಬಿದೆ.

ಇನ್ನು ನಿನ್ನ ಕಾಗದ. ಓದಿದರು. ಅಡುಗೆಮನೆಗೆ ಬಂದು ನನಗೂ ಓದಿ ಹೇಳಿದರು, ನಿನ್ನ ಹಾಗೇ ಮೂಗು ಅರಳಿಸಿ. ಹೊಟ್ಟೆ ಹಿಡಿದು ನಕ್ಕರು. "ಯಾಕ್ರೀ, ಕುರುಡ ಅಂದ್ರೂ ನಗ್ತೀರಿ?" ಅಂದೆ. "ಸಣ್ಣನಿಗೆ ಭಯ ಕಣೇ. ಎಡಚ ಬಿದ್ರೆ ನನಗಿಂತ ಅವನಿಗೇ ಜಾಸ್ತಿ ನೋವು. ಅದಕ್ಕೆ ಮೊದಲೇ ಬೀಳಿಸಿಟ್ಟುಕೊಂಡಿದ್ದಾನೆ" ಅಂದರು. ಆ ಕಾಗದ ಡಬ್ಬಿಯ ತಳದಲ್ಲಿ ಮಡಿಸಿಟ್ಟಿದ್ದಾರೆ. ಸಿಟ್ಟಿನ ಕಾಗದ ಯಾರಾದರೂ ಹಾಗೆ ಜೋಪಾನ ಮಾಡುತ್ತಾರಾ?

ಹದಿನೇಳಕ್ಕೆ ನೋಡುತ್ತೇನೆ. ಹೇಗೆ ಅಂಕ ಹಾಕಬೇಕು ಬರೆ. ಇವತ್ತು ಕೆಲಸಕ್ಕೆ ಹೋಗುವಾಗ ಹೊಸ ಪೆನ್ಸಿಲ್ ತರುತ್ತೇನೆ. ಅವರದು ನನ್ನ ಕೈಲಿ ತುಂಡಾಗುವುದು ಬೇಡ.

ಅತ್ತಿಗೆ

* * *

ಆಗಸ್ಟ್ 12, ಮಂಗಳವಾರ

ರೆಫ್ರಿ ಅತ್ತಿಗೆಗೆ ನಮಸ್ಕಾರ.

ಕಾಗದ ಈಗ ಬಂತು, ಈಗಲೇ ಬರೆದು ಹಾಕುತ್ತಿದ್ದೇನೆ, ಇಲ್ಲದಿದ್ದರೆ ಮುಟ್ಟಲ್ಲ. ಹುರುಳಿಕಾಯಿ ವಿಷಯ ಓದಿದೆ. ನಾನಿದ್ದಿದ್ದರೂ ಪಕ್ಕದಲ್ಲೇ ಕೂತು ಟಿ.ವಿ. ನೋಡುತ್ತಿರುತ್ತಿದ್ದೆ, ಅವನ ಮುಖ ನೋಡುತ್ತಿರಲಿಲ್ಲ. ಇಷ್ಟು ಮಾತ್ರ ನನಗೆ ಗೊತ್ತು.

ಅಣ್ಣನ ಚೀಟಿ ವಾಪಸು ಕಳಿಸಿದ್ದೇನೆ. ಎಂಟರಿಂದ ಹನ್ನೆರಡರವರೆಗೆ ರಬ್ಬರಿನಿಂದ ಅಳಿಸಿದ್ದೇನೆ. ಕೂಡಿದ್ದನ್ನೂ ಅಳಿಸಿದೆ. ಏಳನೆಯ ರೌಂಡಿನ ನಿಮ್ಮ ಒಂಬತ್ತನ್ನು ಮುಟ್ಟಿಲ್ಲ. ಅದು ಅಣ್ಣನ ಹತ್ತಿನ ಪಕ್ಕ ಇರಲಿ.

ಸದ್ದು ನಿಲ್ಲಿಸಿ. ಗಂಟೆ ಹೊಡೆದ ಮೇಲೇ ಬರೆಯಿರಿ. ಜೋರಾಗಿ ಕೈ ಬೀಸಿದವನಿಗಲ್ಲ, ನಿಜವಾಗಿ ತಾಗಿಸಿದವನಿಗೆ ಹತ್ತು. ಇನ್ನೊಬ್ಬನಿಗೆ ಒಂಬತ್ತು. ಬಿದ್ದರೆ ಎಂಟು. ನೋಡಿದ್ದನ್ನ ನೋಡಿದ ಹಾಗೆ ಹೇಳಿ ಅತ್ತಿಗೆ. ನನಗೆ ಒಳ್ಳೆಯದಾಗಲಿ ಅಂತ ಏನೂ ಸೇರಿಸಬೇಡಿ. ನನಗೆ ಇಲ್ಲಿಂದ ಕಾಣುವುದಿಲ್ಲ.

ಸಣ್ಣ

* * *

ಆಗಸ್ಟ್ 17, ಭಾನುವಾರ

ಸಣ್ಣನಿಗೆ ಆಶೀರ್ವಾದಗಳು.

ಬೆಳಿಗ್ಗೆ ಹತ್ತು ಗಂಟೆ. ಪಂದ್ಯ ಮುಗಿದು ಬಹಳ ಹೊತ್ತಾಗಿಲ್ಲ. ಕಾಫಿ ಕುಡಿದು ಕೂತಿದ್ದೇನೆ.

ಎಂಟು ಗಂಟೆಗೆ ಟಿ.ವಿ. ಮೇಲಿನ ಬಟ್ಟೆ ತೆಗೆದೆ. ಟೀಚರಮ್ಮನಿಗೆ ಮೊದಲೇ ಹೇಳಿದ್ದೆ. "ನಂಗೆ ರಕ್ತ ಕಂಡ್ರೆ ತಲೆ ಸುತ್ತುತ್ತೆ, ನಾನು ಅಡುಗೆಮನೇಲಿ ಇರ್ತೀನಿ, ಬೇಕಾದ್ರೆ ಕೂಗಿ" ಅಂದು ಒಳಗೆ ಕೂತರು. ನಿಮ್ಮಣ್ಣನ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಅದರ ಪಕ್ಕ ನೆಲದ ಮೇಲೆ, ನೀನು ಕೂರುತ್ತಿದ್ದ ಜಾಗದಲ್ಲಿ ಕೂತೆ. ಇಷ್ಟು ವರ್ಷ ಆ ಜಾಗ ಗುಡಿಸಿದ್ದೇನೆ, ಕೂತಿರಲಿಲ್ಲ. ಅಲ್ಲಿಂದ ಟಿ.ವಿ. ದೊಡ್ಡದಾಗಿ ಕಾಣುತ್ತದೆ.

ಮೊದಲ ಆರು ರೌಂಡು ಬರೀ ನೋಡಿದೆ. ನಿಮ್ಮಣ್ಣ ನಾಲ್ಕನ್ನು ನೀಲಿ ಚಡ್ಡಿಗೆ ಕೊಟ್ಟಿದ್ದಾರೆ, ಎರಡನ್ನು ಎಡಚನಿಗೆ. ಎಷ್ಟು ಅಭಿಮಾನ ಇದ್ದರೂ ಸುಳ್ಳು ಬರೆದಿಲ್ಲ. ನೀನು ಸ್ನಾನಕ್ಕೆ ಎದ್ದುಹೋದ ಐದನೆಯದು ನೋಡಲು ಕಷ್ಟವೇ ಆಯಿತು. ನನ್ನ ಕೈ ಸೆರಗನ್ನು ಹಿಂಡುತ್ತಿತ್ತು. ಆದರೆ ಗಂಟೆ ಹೊಡೆದಾಗ ಅವನು ನಿಂತಿದ್ದ.

ಏಳನೆಯದು ಬಂತು. ಸಣ್ಣ, ಅದು ಎಡಚನ ರೌಂಡು. ನನ್ನಂಥವಳಿಗೂ ಗೊತ್ತಾಯಿತು. ಹಳೇ ಬಾಗಿಲಿಗೆ ಎಣ್ಣೆ ಬಿಟ್ಟ ಹಾಗೆ ಅವನ ಮೈ ಸಡಿಲವಾಯಿತು. ಆ ಹುಡುಗ ಎಲ್ಲಿ ಹೊಡೆದರೂ ಇವನು ಅಲ್ಲಿಲ್ಲ. ಮೂರು ಸಲ ಎಡಗೈ ಕೊಟ್ಟ, ಮೂರೂ ತಾಗಿದವು. ಗಂಟೆ ಹೊಡೆದಾಗ ಎಡಚ ಒಂಚೂರು ನಕ್ಕ. ನಿಮ್ಮಣ್ಣ ಕೊನೆಯದಾಗಿ ನೋಡಿದ್ದು ಅದು. ಹತ್ತು ಬರೆದದ್ದು ಅದಕ್ಕೆ.

ನನಗೆ ಗೊತ್ತಿಲ್ಲದೆಯೇ ಜೋರಾಗಿ "ಹತ್ತು-ಒಂಬತ್ತು!" ಅಂದೆ.

ಒಳಗಿನಿಂದ ಟೀಚರಮ್ಮ, "ಏನಂದ್ರಿ? ಏನು ಬೇಕು?"

"ಏನೂ ಬೇಡ. ಆಯ್ತು ಅನ್ನಿ, ಸಾಕು."

"ಅಯ್ಯೋ, ಯಾಕೆ ಅಂತಾದ್ರೂ ಹೇಳ್ರೀ!"

"ಸುಮ್ನೆ ಅನ್ನೀಂದ್ರೆ!"

"ಆಯ್ತಪ್ಪಾ, ಆಯ್ತು!"

ಆಗ ಅತ್ತುಬಿಟ್ಟೆ. ಆ ದಿನದಿಂದ ಅಳು ಬಂದಿದ್ದರೂ ಇಂಥದ್ದು ಬಂದಿರಲಿಲ್ಲ. ಎಂಟನೆಯದರ ಅರ್ಧ ಕಣ್ಣೀರಿನಲ್ಲೇ ಹೋಯಿತು, ಉಳಿದರ್ಧ ನೋಡಿ ಬರೆದಿದ್ದೇನೆ. ನೀಲಿ ಚಡ್ಡಿಗೆ ಹತ್ತು, ಎಡಚನಿಗೆ ಒಂಬತ್ತು. ಮೊದಲರ್ಧವನ್ನು ಟೀಚರಮ್ಮ ಬಾಗಿಲಿನಿಂದ ನೋಡಿದರಂತೆ, ಅವರೂ ಅದನ್ನೇ ಹೇಳಿದರು. ತಲೆ ಸುತ್ತಲಿಲ್ಲ ಅವರಿಗೆ.

ಒಂಬತ್ತನೆಯದರಲ್ಲಿ ಎಡಚ ತುಂಬಾ ಏಟು ತಿಂದ. ಒಂದು ಕಣ್ಣು ಮುಚ್ಚಿಹೋಗಿತ್ತು. ಹಗ್ಗ ಹಿಡಿದುಕೊಂಡ. ಈಗ ಬೀಳುತ್ತಾನೆ, ಈಗ ಬೀಳುತ್ತಾನೆ ಅಂತ ನಾನು ಉಸಿರು ಬಿಗಿಹಿಡಿದಿದ್ದೆ. ಗಂಟೆ ಹೊಡೆಯಿತು. ತಾನೇ ನಡೆದುಕೊಂಡು ಮೂಲೆಗೆ ಹೋಗಿ ಸ್ಟೂಲಿನ ಮೇಲೆ ಕೂತ. ಅವನಿಗೆ ಕಲಿಸಿದ ಮುದುಕ ಎದುರಿಗೆ ಮಂಡಿಯೂರಿ, ಎರಡು ಕೈಯಲ್ಲಿ ಅವನ ಮುಖ ಹಿಡಿದು ಏನೋ ಹೇಳಿದ. ಎಡಚ ತಲೆ ಅಲ್ಲಾಡಿಸಿದ, ಇಲ್ಲ ಅಂತ. ಮುದುಕ ಮತ್ತೆ ಹೇಳಿದ. ಸದ್ದು ಹಾಕೋಣ ಅನ್ನಿಸಿತು, ಹಾಕಲಿಲ್ಲ. ಮುದುಕ ಎದ್ದು ರೆಫ್ರಿಗೆ ಕೈ ಬೀಸಿದ. ಸಾಕು ಅಂತ. ಅಲ್ಲಿಗೆ ಮುಗಿಯಿತು.

ಅವನು ಬೀಳಲಿಲ್ಲ ಸಣ್ಣ. ಒಂಬತ್ತು ರೌಂಡಿನಲ್ಲಿ ಒಂದು ಸಲವೂ ಅವನ ಮಂಡಿ ನೆಲಕ್ಕೆ ತಾಗಲಿಲ್ಲ. ಸೋತ, ಅದು ನೀನು ಹೇಳಿದ್ದೇ. ಬೀಳಲಿಲ್ಲ, ಅದು ನಿಮ್ಮಣ್ಣ ಹೇಳಿದ್ದು. ಕೂತಿದ್ದ. ಆಮೇಲೆ ಆ ನೀಲಿ ಚಡ್ಡಿ ಹುಡುಗ ಬಂದು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹಣೆಗೆ ಹಣೆ ಹಚ್ಚಿದ. ಎಡಚ ಗ್ಲೌಸಿನ ಕೈಯಲ್ಲೇ ಅವನ ಬೆನ್ನು ತಟ್ಟಿದ. ನಾನು ಒಳ್ಳೆಯದಾಗಲಿ ಅಂತ ಏನೂ ಸೇರಿಸಿಲ್ಲ. ಬೇಕಾದರೆ ಟೀಚರಮ್ಮನನ್ನು ಕೇಳು, ಅಷ್ಟು ಹೊತ್ತಿಗೆ ಅವರೂ ನನ್ನ ಪಕ್ಕ ನೆಲದಲ್ಲೇ ಕೂತಿದ್ದರು.

ಒಂಬತ್ತನೆಯದಕ್ಕೆ ಎಡಚನಿಗೆ ಎಂಟು ಹಾಕಲು ಪೆನ್ಸಿಲ್ ಇಟ್ಟೆ, ಅಷ್ಟು ತಿಂದಿದ್ದ. ಬಿದ್ದಿಲ್ಲವಲ್ಲ ಅಂತ ಒಂಬತ್ತು ಬರೆದೆ. ಕೊಕ್ಕೆ ಇರುವ ನನ್ನದೇ ಒಂಬತ್ತು. ಕೆಳಗಿನ ಮೂರು ಸಾಲು ಖಾಲಿ ಬಿಟ್ಟಿದ್ದೇನೆ.

ಚೀಟಿ ಈ ಲಕೋಟೆಯಲ್ಲಿದೆ. ನೋಡಿ ವಾಪಸು ಕಳಿಸು, ನಿನ್ನ ಅರ್ಧ ಚೀಟಿಯೂ ಇದ್ದರೆ ಜೊತೆಗಿಡು, ಎರಡನ್ನೂ ದಾರ ಹಾಕಿ ಕಟ್ಟಬೇಕು.

ನಾಳೆ ಸೋಮವಾರ. ಆಸ್ಪತ್ರೆ ಗೇಟಿನ ಅಂಚೆ ಡಬ್ಬಿಯನ್ನು ಹತ್ತು ಗಂಟೆಗೆ ತೆಗೆಯುತ್ತಾರೆ.

ಅತ್ತಿಗೆ